ಸೇರೂ ತಕ್ಕಡಿಯೂ

‘ಮಾನ’ ಎಂಬ ಶಬ್ದಕ್ಕೆ ಅಳತೆಯೆಂದೂ ಗೌರವವೆಂದೂ ಎರಡರ್ಥಗಳುಂಟು. ಅಳತೆಯ ಮಾನವನ್ನು ಅಮರಸಿಂಹನು ತುಲೆ, ಅಂಗುಲ, ಪ್ರಸ್ಥಗಳೆಂದು ಮೂರು ಬಗೆಯಾಗಿ ಹೇಳಿದ್ದಾನೆ. ಎಂದರೆ ತೂಗುವುದು, ಉದ್ದವನ್ನಳೆಯುವುದು, ಪಾತ್ರೆಯಲ್ಲಿ ತುಂಬಿ ಅಳೆಯುವುದು. ವಿದ್ವತ್ ಪರೀಕ್ಷೆಗೆ ಓದುವಾಗ ಇದನ್ನು ಕಂಠಪಾಠ ಮಾಡಿದ್ದೆನು. ಆದರೆ ತುಲೆಗೂ ಪ್ರಸ್ಥಕ್ಕೂ ಇರುವ ಅಂತರವನ್ನು ನನಗೆ ಮನಗಾಣಿಸಿದವರು ಅಕ್ಷರವರಿಯದ ಒಬ್ಬ ಅಡುಗೆಯ ಅಜ್ಜನವರು.

ಆಗ ನಾನಿದ್ದ ವಿದ್ಯಾರ್ಥಿನಿಲಯವೊಂದರಲ್ಲಿ ಉಗ್ರಾಣದ ಲೆಕ್ಕ ಬರೆಯುವ ಕೆಲಸ ನನ್ನದಾಗಿತ್ತು. 1956ರ ಶಾಸನದ ತರುವಾಯ ಅಂಗಡಿಗಳಿಗೆ ಕಿಲೋಗ್ರಾಂ ಬಂದು ದಶಕಗಳೇ ಕಳೆದಿದ್ದರೂ ಅಜ್ಜನವರು ಸೇರು, ಅಚ್ಚೇರು, ಪಾವು, ಚಟಾಕುಗಳನ್ನು ಬಿಟ್ಟಿರಲಿಲ್ಲ. ಉಪ್ಪಿಟ್ಟಿಗೆ ಸೇರು ರವೆಗೆ ಎರಡೂವರೆ ಸೇರು ನೀರು ಎಂಬುದು ಅವರ ಸೂತ್ರ. ಒಂದು ಬೆಳಿಗ್ಗೆ ಹತ್ತು ಕಿಲೋ ರವೆಯನ್ನು ಅವರು ಅಳೆಯಲು ಕುಳಿತಾಗ ನಾನು ತಡೆದೆನು. “ಸೇರೆಂದರೆ 80 ತೊಲ, 933 ಗ್ರಾಂ. ಹತ್ತು ಕಿಲೋ ಎಂದರೆ ಹನ್ನೊಂದು ಸೇರಿಗೆ ತುಸು ಕಡಿಮೆ. ಅಳೆಯುವುದೇಕೆ, ಅಜ್ಜ?” ಎಂದೆನು. ಓದಿದವನ ಮಾತೆಂದು ಅವರು ನಂಬಿ, ಹನ್ನೊಂದಕ್ಕೆ ಲೆಕ್ಕ ಹಾಕಿ ಇಪ್ಪತ್ತೇಳೂವರೆ ಸೇರು ನೀರು ಕುದಿಸಿದರು.

ಉಪ್ಪಿಟ್ಟು ಬೇಯಲಿಲ್ಲ. ಮೇಲೆ ನೀರು ಚಿಮುಕಿಸಿದಷ್ಟೂ ಗಂಟುಗಟ್ಟಿತು. ಹುಡುಗರು ಅರೆಹೊಟ್ಟೆಯಲ್ಲಿ ಪಾಠಕ್ಕೆ ಹೋದರು. ಮೇಲ್ವಿಚಾರಕರು ಎಲ್ಲರೆದುರಿಗೆ ಅಜ್ಜನವರನ್ನು ಗದರಿದರು. ಅವರು ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದರು. ನಾನು ಬಾಯಿ ಬಿಡಲಿಲ್ಲ.

ಸಂಜೆ ಅವರೇ ನನ್ನನ್ನು ಉಗ್ರಾಣಕ್ಕೆ ಕರೆದು, ತಕ್ಕಡಿಯನ್ನು ಮುಂದಿಟ್ಟು, “ಸೇರು ಒಂದೇ ಕಣಪ್ಪ. ಒಳಗಿರೋದು ಒಂದೇನಾ?” ಎಂದರು. ಅಲ್ಲಿನ ಅಳತೆಯ ಸೇರು ಹೆಚ್ಚುಕಡಿಮೆ ಒಂದು ಲೀಟರಿನದು. ಅದರಲ್ಲಿ ತುಂಬಿದ ನೀರು ಒಂದು ಕಿಲೋ ತೂಗಿತು. ಅಕ್ಕಿ 800 ಗ್ರಾಮನ್ನು ಸ್ವಲ್ಪ ದಾಟಿತು. ರವೆ 700ರ ಆಸುಪಾಸು. ಪುಡಿಯುಪ್ಪು 1,200ರ ಹತ್ತಿರ. ಜರಡಿ ಹಿಡಿದ ಗೋಧಿಹಿಟ್ಟು 500ಕ್ಕೆ ನಿಂತಿತು. ಅದನ್ನೇ ಅದುಮಿ ತುಂಬಿದಾಗ 600 ಮೀರಿತು. ನಮ್ಮ ಹತ್ತು ಕಿಲೋ ರವೆ ಹನ್ನೊಂದು ಸೇರಲ್ಲ, ಹದಿನಾಲ್ಕಕ್ಕೂ ಮಿಗಿಲು. ನೀರು ಎಂಟು ಸೇರಿನಷ್ಟು ಸಾಲದೆ ಬಂದಿತ್ತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಧಾನ್ಯದ ಪರಿಭಾಷೆಯನ್ನೂ ಚಿನ್ನ, ಬೆಳ್ಳಿ, ಲೋಹಗಳ ಪರಿಭಾಷೆಗಳನ್ನೂ ಬೇರೆ ಬೇರೆಯಾಗಿ ಹೇಳಿದುದರ ಔಚಿತ್ಯ ನನಗೆ ಅಂದು ತಿಳಿಯಿತು.

ಹೀಗಾಗಿ ಅಳತೆಯನ್ನು ತೂಕಕ್ಕೆ ತಿರುಗಿಸುವವರು ಎಲ್ಲ ಪದಾರ್ಥಕ್ಕೂ ಒಂದೇ ಗುಣಕವನ್ನು ಹಿಡಿಯಲಾಗದು. ತಮ್ಮ ಮನೆಯ ಪಾವಿನಲ್ಲಿ ಒಂದೊಂದನ್ನೂ ತಲೆಗೋಲೆಳೆದು ತುಂಬಿ, ಒಮ್ಮೆ ತೂಗಿ, ಬರೆದಿಟ್ಟುಕೊಳ್ಳುವುದೇ ಸರಿಯಾದ ದಾರಿ. ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಅಂಥ ಪಟ್ಟಿಯೊಂದು ಇಂದಿಗೂ ಇದೆ.

ಅಜ್ಜನವರು ಆ ದಿನದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮೇಲ್ವಿಚಾರಕರ ಬಳಿ ತಪ್ಪೊಪ್ಪಿಕೊಳ್ಳುವ ಧೈರ್ಯ ನನಗೆ ಬರುವಷ್ಟರಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ತರಗತಿಯಲ್ಲಿ ನಾನಾರ್ಥಪದಗಳ ಪಾಠ ಬಂದಾಗಲೆಲ್ಲ ‘ಮಾನ’ವನ್ನೂ ‘ಸೇರು’ವನ್ನೂ ಉದಾಹರಿಸುತ್ತೇನೆ; ಅಂದಿನ ತಪ್ಪು ನನ್ನದೆಂಬುದನ್ನೂ ಮಕ್ಕಳಿಗೆ ಬಿಡದೆ ಹೇಳುತ್ತೇನೆ.