ಕಂಠಾಳ ಕಟ್ಟಿದ ಮೋಟಾರು ಸೈಕಲ್ಲು

ಶ್ರೀಮಠದ ಉಚಿತ ಪ್ರಸಾದ ನಿಲಯದಲ್ಲಿ ಬೆಳೆದು, ವ್ಯಾಕರಣ ಕೋಶಗಳ ನಡುವೆ ತಲೆ ನರೆತ ನಮ್ಮಂಥವರು ಮೋಟಾರು ಸೈಕಲ್ಲಿನ ವಿಷಯವಾಗಿ ಲೇಖನಿ ಹಿಡಿದರೆ ಓದುಗ ಬಂಧುಗಳು ಹುಬ್ಬೇರಿಸುವುದು ಸಹಜವೇ. ನಾವು ಆ ವಾಹನವನ್ನು ನಡೆಸಲು ಬಲ್ಲವರಲ್ಲ; ಹಿಂದೆ ಕುಳಿತವರು ಮಾತ್ರ. ಆದರೆ ಹಿಂದೆ ಕುಳಿತವನಿಗೆ ತಿಳಿಯುವ ಕೆಲವು ಸಂಗತಿಗಳು ಮುಂದೆ ಕುಳಿತವನಿಗೆ ತಿಳಿಯುವುದಿಲ್ಲ. ಅವನ್ನು ಬರೆದಿಡಬೇಕೆಂಬುದು ಒಂದು ಕಾರಣ. ಇನ್ನೊಂದು ಕಾರಣವು ಬರೆಯುತ್ತ ಹೋದಂತೆ ತಾನಾಗಿ ತಿಳಿದೀತು.

ನಮ್ಮ ತಮ್ಮನ ಮಗ ಬೆಂಗಳೂರಿನಲ್ಲಿ ನೌಕರಿಗೆ ಸೇರಿದ ಮೇಲೆ, 2019ರಲ್ಲಿ, ತನ್ನ ಸಂಬಳದಿಂದಲೇ ಡ್ಯೂಕ್ 390 ಎಂಬ ಮೋಟಾರು ಸೈಕಲ್ಲನ್ನು ಕೊಂಡು ಸಾಗರಕ್ಕೆ ತಂದನು. 373 ಸಿ.ಸಿ.ಯ ಒಂದೇ ಸಿಲಿಂಡರು, ಸುಮಾರು 43 ಅಶ್ವಶಕ್ತಿ, ಆರು ಗೇರು. ಗಾಳಿಯನ್ನು ಸೀಳುವ ಹೊದಿಕೆಯಾಗಲಿ ಮುಂದೆ ಗಾಜಾಗಲಿ ಇಲ್ಲದೆ, ಎಂಜಿನ್ನೂ ಅದರ ಕಬ್ಬಿಣದ ಜಾಳಿಗೆಯೂ ಬರಿಗಣ್ಣಿಗೆ ಕಾಣುವ ಇಂಥ ಗಾಡಿಗಳಿಗೆ ‘ನೇಕೆಡ್’ ಎಂದೇ ಹೆಸರಂತೆ. ಅದರ ಅರ್ಥವನ್ನು ಆತ ಬಿಡಿಸಿ ಹೇಳಿದಾಗ ನಮ್ಮ ಮನೆಯ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ತಮ್ಮನು ಮಾತ್ರ ನಗಲಿಲ್ಲ. ಅಂಗಳಕ್ಕೆ ಇಳಿಯಲೂ ಇಲ್ಲ. ಬಲಗಾಲನ್ನು ನೀಡಿಕೊಂಡು ಜಗುಲಿಯ ಮೇಲೆ ಕುಳಿತಿದ್ದವನು ಎದ್ದು, ಕುಂಟುತ್ತ ಒಳಗೆ ಹೋದನು.

ಆ ಕುಂಟಿಗೆ ಒಂದು ಕಥೆಯುಂಟು. 1986ರಲ್ಲಿ ತಮ್ಮನ ಬಳಿ ಯೆಜ್ಡಿ ರೋಡ್‌ಕಿಂಗ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ ಅದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಕಿಕ್ ಹೊಡೆಯುವ ದಂಡವನ್ನೇ ಮಡಿಸಿದರೆ ಗೇರಿನ ದಂಡವಾಗುವುದು, 250 ಸಿ.ಸಿ., 16 ಅಶ್ವಶಕ್ತಿ. ಇಂದಿನವರ ಲೆಕ್ಕದಲ್ಲಿ ಅದೂ ಹೊದಿಕೆಯಿಲ್ಲದ ಗಾಡಿಯೇ, ಆದರೆ ಆಗ ಅದಕ್ಕೆ ಬೇರೆ ಹೆಸರು ಬೇಕಿರಲಿಲ್ಲ. ತೀರ್ಥಹಳ್ಳಿಯ ಹಿರಿಯರೊಬ್ಬರು ತಮ್ಮ ಗ್ರಂಥಸಂಗ್ರಹವನ್ನು ನಮಗೆ ಕೊಡುವುದಾಗಿ ಹೇಳಿ ಕಳುಹಿಸಿದ್ದರು. ನಾವು ಬಸ್ಸಿನಲ್ಲಿ ಹೋದೆವು. ತಮ್ಮನು ಯೆಜ್ಡಿಯಲ್ಲಿ ಬಂದನು. ಎರಡು ಗೋಣಿಚೀಲ ಪುಸ್ತಕಗಳು. ಬಸ್ಸಿನ ಮೇಲೆ ಹಾಕಿದರೆ ಮಳೆಗೆ ನೆನೆದಾವು ಎಂಬ ಭಯದಿಂದ, ಹೆಚ್ಚು ಬೆಲೆಯುಳ್ಳ ಚೀಲವನ್ನು ಗಾಡಿಯ ಹಿಂದಿನ ಆಸನಕ್ಕೆ ತೆಂಗಿನ ಹಗ್ಗದಿಂದ ನಾವೇ ಕಟ್ಟಿದೆವು. ತಮ್ಮನು ‘ಇನ್ನೊಂದು ಸುತ್ತು ಹಾಕೋಣ’ ಎಂದನು. ಬಸ್ಸಿಗೆ ಹೊತ್ತಾಯಿತೆಂದು ನಾವು ಬೇಡವೆಂದೆವು.

ಹೊಸನಗರ ದಾಟಿ ಬಟ್ಟೆಮಲ್ಲಪ್ಪದ ಸಮೀಪಕ್ಕೆ ನಮ್ಮ ಬಸ್ಸು ಬಂದಾಗ ರಸ್ತೆಯಲ್ಲಿ ಜನ ಕೂಡಿತ್ತು. ಚೀಲವು ಒಂದು ಮಗ್ಗುಲಿಗೆ ಜಾರಿ, ಅದರ ಬಾಯಿ ಹಿಂಚಕ್ರಕ್ಕೆ ಸಿಕ್ಕಿ, ತಿರುವಿನಲ್ಲಿ ಗಾಡಿ ಅಡ್ಡಬಿದ್ದಿತ್ತು. ಬಸ್ಸಿನಿಂದ ಇಳಿದ ನಮ್ಮ ಕಣ್ಣು ಮೊದಲು ಹೋದದ್ದು ಕೆಸರಿನಲ್ಲಿ ಚೆಲ್ಲಿದ್ದ ಪುಸ್ತಕಗಳ ಕಡೆಗೆ. ಆಮೇಲೆ ತಮ್ಮನ ಕಡೆಗೆ. ಅದು ಒಂದು ಗಳಿಗೆಯ ಮಾತು, ಯಾರೂ ಕಂಡಿರಲಾರರು. ಆದರೆ ನಮಗೆ ಗೊತ್ತು. ಹಗ್ಗವು ಹಳೆಯದು, ಹರಿಯಿತು ಎಂದು ಮನೆಯಲ್ಲಿ ಹೇಳಿದೆವು. ಹಗ್ಗ ಹರಿದಿರಲಿಲ್ಲ, ನಮ್ಮ ಗಂಟು ಬಿಚ್ಚಿತ್ತು.

ಇಷ್ಟನ್ನು ಹೃದಯದಲ್ಲಿಟ್ಟುಕೊಂಡ ನಾವು ಹುಡುಗನ ಹೊಸ ಗಾಡಿಯನ್ನು ಮಾರಿಸಬೇಕೆಂದು ತಮ್ಮನ ಪಕ್ಷವನ್ನೇ ವಹಿಸಿದೆವು. ಹುಡುಗ ಮಾರಲಿಲ್ಲ. ಬೆಂಗಳೂರಿನಿಂದ ಒಬ್ಬನೇ ಬರುವನು, ಹೋಗುವನು. 2024ರ ಮಳೆಗಾಲದಲ್ಲಿ ಒಂದು ದಿನ ನಮ್ಮ ಮುಂದೆ ಕುಳಿತು, ‘ದೊಡ್ಡಪ್ಪ, ನೀವು ಕೂಡಲಸಂಗಮಕ್ಕೂ ಬಸವಕಲ್ಯಾಣಕ್ಕೂ ಹೋಗಬೇಕೆಂದು ಎಷ್ಟು ವರ್ಷದಿಂದ ಹೇಳುತ್ತಿದ್ದೀರಿ. ಗಾಡಿಯನ್ನು ದೂರದಾರಿಗೆ ತಕ್ಕಂತೆ ಸಜ್ಜು ಮಾಡುತ್ತೇನೆ, ಬನ್ನಿ’ ಎಂದನು. ಸಾಗರದಿಂದ ಕಲ್ಯಾಣವೆಂದರೆ 600 ಕಿಲೋಮೀಟರಿನ ಆಸುಪಾಸು. ನಮಗೆ ಆಗ 66 ವರ್ಷ. ಒಲ್ಲೆವೆನ್ನಲು ಬಾಯಿ ತೆರೆದವರು, ಏಕೋ, ‘ಸಾಮಾನನ್ನು ಯಾವುದರಿಂದ ಕಟ್ಟುತ್ತೀಯೆ?’ ಎಂದು ಕೇಳಿದೆವು.

ಅಂದಿನಿಂದ ಎರಡು ತಿಂಗಳು ನಮ್ಮ ಕೊಟ್ಟಿಗೆಯೇ ಕಾರ್ಯಾಗಾರವಾಯಿತು. ಹುಡುಗನಿಗೆ ನಾವು ಮೊದಲೇ ಒಂದು ಷರತ್ತು ಹಾಕಿದೆವು: ಗೆಳೆಯರ ಮಾತು ಕೇಳಿ ಹಾಕಿಸಿದ್ದ ಗುಡುಗಿನಂಥ ಸೈಲೆನ್ಸರನ್ನು ತೆಗೆದು ಹಳೆಯದನ್ನೇ ಜೋಡಿಸಬೇಕು. ಇದು ನಮ್ಮ ಕಿವಿಯ ಸುಖಕ್ಕಾಗಿ ಮಾತ್ರವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಎಂಜಿನ್ನು, ಚೌಕಟ್ಟು, ಸೈಲೆನ್ಸರುಗಳನ್ನು ಮುಟ್ಟದೆ, ಬೋಲ್ಟು ಬಿಚ್ಚಿದರೆ ಗಾಡಿ ಮೊದಲಿನಂತಾಗುವ ಕೆಲಸಗಳನ್ನಷ್ಟೇ ಮಾಡುವುದೆಂದು ನಿಶ್ಚಯವಾಯಿತು.

ಮೊದಲನೆಯದು ಗಾಳಿ. ಗಂಟೆಗೆ 80 ಕಿಲೋಮೀಟರು ಮೀರಿದರೆ ಇಂಥ ಗಾಡಿಯಲ್ಲಿ ಗಾಳಿಯು ಸವಾರನ ಎದೆಯನ್ನು ಹಿಂದಕ್ಕೆ ತಳ್ಳುತ್ತದೆ. ಅವನು ಹ್ಯಾಂಡಲ್ಲನ್ನು ಬಿಗಿಹಿಡಿಯುತ್ತಾನೆ. ಎರಡು ಗಂಟೆಯಲ್ಲಿ ತೋಳು, ಕತ್ತು ಸೋಲುತ್ತವೆ. ಹುಡುಗ ಎತ್ತರವಾದ ಗಾಜೊಂದನ್ನು ತಂದು ಜೋಡಿಸಿದನು. ಎದೆಗೆ ಗಾಳಿ ನಿಂತಿತು, ಆದರೆ ಗಾಜಿನ ಅಂಚನ್ನು ಹಾಯ್ದ ಗಾಳಿ ಸುಳಿಸುಳಿಯಾಗಿ ನೇರ ಶಿರಸ್ತ್ರಾಣಕ್ಕೆ ಬಡಿದು ತಲೆ ತಮಟೆಯಾಯಿತು. ಎರಡು ಅಂಗುಲ ಕೊಯ್ಯಿಸಿ ಅಂಚನ್ನು ಎದೆಯ ಮಟ್ಟಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಎತ್ತರವಾದದ್ದೆಲ್ಲ ಹೆಚ್ಚು ಕಾಯುವುದೆಂಬ ಭಾವನೆ ಅಲ್ಲಿಗೆ ಮುಗಿಯಿತು. ಹ್ಯಾಂಡಲ್ಲನ್ನು ಒಂದು ಅಂಗುಲ ಎತ್ತರಿಸಿ ಹಿಂದಕ್ಕೆ ತಂದನು. ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಬ್ರೇಕಿನ ಕೊಳವೆಯೂ ತಂತಿಗಳೂ ಸೆಟೆಯದಿರುವುದನ್ನು ನಮಗೇ ಮುಟ್ಟಿಸಿ ತೋರಿಸಿದನು.

ಇನ್ನು ನಮ್ಮ ಆಸನ. ಹಿಂದಿನ ಆಸನವು ಎತ್ತರ, ಅಂಗೈಯಗಲ, ಮುಂದಕ್ಕೆ ಇಳಿಜಾರು. ಪ್ರಥಮ ದಿನ ಸಾಗರದ ಪೇಟೆಯಲ್ಲಿ ಒಂದು ಸುತ್ತು ಹೋದೆವು. ಬ್ರೇಕು ಹಿಡಿದಾಗಲೆಲ್ಲ ನಾವು ಜಾರಿ ಹುಡುಗನ ಬೆನ್ನಿಗೆ ಒರಗುವೆವು. ನಮ್ಮ ಎದೆಯ ಮೇಲಿನ ಕರಡಿಗೆ ಅವನ ಬೆನ್ನಿಗೆ ಒತ್ತುವುದು. ಇಷ್ಟಲಿಂಗವು ಹಾಗೆ ನಮ್ಮಿಬ್ಬರ ನಡುವೆ ಸಿಕ್ಕಿಕೊಳ್ಳುವುದು ನಮಗೆ ಸಹಿಸದಾಯಿತು; ಅವನ ಬೆನ್ನಿಗೂ ಸಹಿಸಲಿಲ್ಲ. ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಮೂರು ದಿನ ಸುಮ್ಮನಿದ್ದೆವು. ಅವನೇ ಕೇಳಿ ತಿಳಿದುಕೊಂಡು, ಆಸನದ ಸ್ಪಂಜನ್ನು ಬಿಚ್ಚಿಸಿ ಅಗಲವಾಗಿ, ಸಮತಟ್ಟಾಗಿ ಮರುಹೊಲಿಸಿದನು. ಪಕ್ಕಕ್ಕೆ ಹಿಡಿಕೆ, ಹಿಂದೆ ಒರಗು ಬಂದವು. ಒರಗಿಗೆ ಬೆನ್ನು ಕೊಟ್ಟು ಕುಳಿತರೆ ಕರಡಿಗೆಗೆ ಮುಂದೆ ನಾಲ್ಕು ಬೆರಳು ಜಾಗ ಉಳಿಯುತ್ತದೆ. ಶಿರಸ್ತ್ರಾಣದ ವಿಷಯವಾಗಿ ನಾವು ಕೊಸರಾಡಿದ್ದುಂಟು. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂದೆ ಕುಳಿತವರಿಗೂ ಅದು ಕಡ್ಡಾಯ. ವಿಭೂತಿ ಅಳಿಸಿಹೋದೀತೆಂದೆವು. ‘ಇಳಿದ ಮೇಲೆ ಮತ್ತೆ ಧರಿಸಬಹುದಲ್ಲ’ ಎಂದು ನಮ್ಮ ತಮ್ಮನ ಹೆಂಡತಿ ಒಳಗಿನಿಂದ ಹೇಳಿದಳು. ಮಾತು ಮುಗಿಯಿತು.

ಹೊರೆಯ ಪ್ರಶ್ನೆ ಬಂದಾಗ ಮಾತ್ರ ಅವನಿಗಿಂತ ನಮಗೆ ಹೆಚ್ಚು ತಿಳಿದಿತ್ತೆಂದು ಹೇಳಿದರೆ ಅಹಂಕಾರವೆನಿಸದಿರಲಿ. ಎರಡೂ ಪಕ್ಕದ ಚೀಲ, ಹಿಂದೆ ಎತ್ತರದಲ್ಲಿ ಒಂದು ದೊಡ್ಡ ಪೆಟ್ಟಿಗೆ ಎಂಬುದು ಅವನ ಯೋಜನೆ. ನಮ್ಮ ಬಾಲ್ಯದಲ್ಲಿ ಹಿರಿಯರು ಹೇರೆತ್ತುಗಳ ಕಥೆಗಳನ್ನು ಹೇಳುತ್ತಿದ್ದರು. ಘಟ್ಟದ ಮೇಲಿನ ಅಡಿಕೆ, ಮೆಣಸು, ಅಕ್ಕಿ ಎತ್ತುಗಳ ಬೆನ್ನ ಮೇಲೆ ಕರಾವಳಿಗೆ ಇಳಿದು, ಉಪ್ಪು ಮೇಲಕ್ಕೆ ಬರುತ್ತಿದ್ದ ಕಾಲ. ಎತ್ತಿನ ಬೆನ್ನಿನ ಎರಡು ಮಗ್ಗುಲಿಗೂ ಇಳಿಬೀಳುವ ಜೋಡುಚೀಲಕ್ಕೆ ಕಂಠಾಳವೆಂದು ಹೆಸರು. ಎರಡು ಕಡೆಯೂ ಸಮತೂಕವಿರಬೇಕು, ಭಾರವು ತಗ್ಗಿನಲ್ಲಿರಬೇಕು, ಬೆನ್ನಿನ ತುದಿಗೆ ಏನನ್ನೂ ಹೇರಬಾರದು. ಹುಡುಗ ಕೇಳಿ ಬೆರಗಾದನು. ಗಾಡಿಗೂ ಅದೇ ಮಾತಂತೆ. ಹಿಂಚಕ್ರದ ಅಚ್ಚಿನಿಂದಾಚೆಗೆ ಎತ್ತರದಲ್ಲಿ ಭಾರವಿಟ್ಟರೆ ಮುಂಚಕ್ರ ಹಗುರಾಗಿ ಹ್ಯಾಂಡಲು ತೂಗಾಡುತ್ತದೆ. ಪೆಟ್ಟಿಗೆಯನ್ನು ಕೈಬಿಟ್ಟು, ಕಂಠಾಳಗಳನ್ನೇ ಉಳಿಸಿಕೊಂಡೆವು. ಚೀಲವು ಒಳಕ್ಕೆ ಬಾಗಿ ಚಕ್ರಕ್ಕೆ ತಾಗದಂತೆ ಎರಡೂ ಪಕ್ಕ ಕಬ್ಬಿಣದ ಬಳೆ ಹಾಕಿಸಿ, ಪ್ರತಿ ಚೀಲವನ್ನೂ ನಾಲ್ಕು ಕಡೆ ಬಕಲು ಪಟ್ಟಿಯಿಂದ ಬಿಗಿದನು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಎಡಕ್ಕೂ ಬಲಕ್ಕೂ ಸಮನಾಗಿ ತುಂಬಿದೆವು.

ಮುಂದಿನ ಹಲ್ಲುಚಕ್ರಕ್ಕೆ ಒಂದು ಹಲ್ಲು ಹೆಚ್ಚಿಸಿದರೆ ಹೆದ್ದಾರಿಯಲ್ಲಿ ಎಂಜಿನ್ನು ಶಾಂತವಾಗಿ ಓಡುವುದೆಂದು ಗೆಳೆಯರು ಹೇಳಿದ್ದರು. ಇಬ್ಬರು ಕುಳಿತು ಹೊರೆ ಹೊತ್ತು ನಮ್ಮ ಕಡೆಯ ಏರುಗಳನ್ನು ಹತ್ತುವಾಗ ಅದು ಏದುಸಿರಾದೀತೆಂದು ಅವನೇ ಬಿಟ್ಟನು. ಬೇಡವೆಂದು ಬಿಟ್ಟದ್ದರಲ್ಲಿ ಇದೊಂದು ನಮಗೆ ಬಹಳ ಮೆಚ್ಚಿಗೆಯಾಯಿತು. ಹೆಚ್ಚಿನ ದೀಪಗಳಿಗೆ ಪ್ರತ್ಯೇಕ ಫ್ಯೂಜು, ರಿಲೇಗಳನ್ನು ಹಾಕಿಸಿದನು.

ಸೆಪ್ಟೆಂಬರಿನ ಕೊನೆಯಲ್ಲಿ ಪರೀಕ್ಷೆಗೆಂದು ಸಾಗರದಿಂದ ಹೊಸನಗರ, ನಗರ, ಅಲ್ಲಿಂದ ತೀರ್ಥಹಳ್ಳಿಗೆ ಹೋಗಿ ಮರಳುವುದೆಂದು ಹೊರಟೆವು. ಒಟ್ಟು 150 ಕಿಲೋಮೀಟರಿಗೂ ಮೇಲೆ, ತುಂತುರು ಮಳೆ. ಬಟ್ಟೆಮಲ್ಲಪ್ಪದ ಬಳಿ ನಾವು ಕಣ್ಣು ಮುಚ್ಚಿದ್ದೆವು. ಕೆಳದಿ ಅರಸರು ಕೆಳದಿಯಿಂದ ಇಕ್ಕೇರಿಗೆ, 17ನೆಯ ಶತಮಾನದಲ್ಲಿ ಅಲ್ಲಿಂದ ಬಿದನೂರಿಗೆ ರಾಜಧಾನಿಯನ್ನು ಹೊತ್ತು ತಂದ ಸೀಮೆಯಿದು. ಇಂದಿನ ನಗರವೇ ಆ ಬಿದನೂರು. ಅರಸೊತ್ತಿಗೆಯ ಹೊರೆಯನ್ನು ಅವರು ಹೇಗೆ ಕಟ್ಟಿದ್ದರೋ ಎಂದು ಯೋಚಿಸುತ್ತ ಕೋಟೆಯ ಮುಂದೆ ಇಳಿದಾಗ ಸುಟ್ಟ ವಾಸನೆ ಬಂದಿತು. ಬಲಗಡೆಯ ಚೀಲದ ಮೂಲೆ ಹೊಂಡಗಳಲ್ಲಿ ಕುಲುಕಿ ಕುಲುಕಿ ಸೈಲೆನ್ಸರಿಗೆ ತಾಗಿ ಕರಗಿತ್ತು. ಒಳಗಿದ್ದ ನಮ್ಮ ಟಿಪ್ಪಣಿ ಪುಸ್ತಕದ ಅಂಚು ಕಂದಿತ್ತು. ತುಂಬುವಾಗ ಇನ್ನೆರಡು ಪುಸ್ತಕಗಳಿರಲೆಂದು ಅವನಿಗೆ ತಿಳಿಸದೆ ತುರುಕಿದವರು ನಾವೇ. ಅದರಿಂದ ಚೀಲ ಉಬ್ಬಿ ಕೆಳಗೆ ಜೋತಿತ್ತು. ಈ ಸಲ ಮುಚ್ಚಿಡಲಿಲ್ಲ, ಅಲ್ಲಿಯೇ ಹೇಳಿದೆವು. ಅವನು ನಕ್ಕು, ಆ ಎರಡು ಪುಸ್ತಕಗಳನ್ನು ತನ್ನ ಅಂಗಿಯೊಳಗೆ ಸೇರಿಸಿಕೊಂಡನು. ತೀರ್ಥಹಳ್ಳಿಯಲ್ಲಿ ತಗಡಿನ ಒಂದು ಕಾಪು ಮಾಡಿಸಿ, ಸೈಲೆನ್ಸರಿಗೂ ಚೀಲಕ್ಕೂ ನಡುವೆ ಜೋಡಿಸಿಕೊಂಡು ಮರಳಿದೆವು.

ಹಿಂದಿರುಗುವಾಗ ಕತ್ತಲಾಯಿತು. ಎದುರಿನ ಗಾಡಿಗಳವರು ಒಂದೇ ಸಮನೆ ದೀಪ ಮಿಟುಕಿಸಿ ಗದರಿಸುವರು. ಹಿಂದೆ ಭಾರ ಬಿದ್ದರೆ ಗಾಡಿಯ ಮೂಗು ಮೇಲೆದ್ದು ದೀಪದ ಬೆಳಕು ಎದುರಿನವರ ಕಣ್ಣಿಗೇ ಬೀಳುವುದೆಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಹಿಂದಿನ ಸ್ಪ್ರಿಂಗನ್ನು ಬಿಗಿಗೊಳಿಸಿ, ಇಬ್ಬರು ಕುಳಿತಾಗಿನ ಲೆಕ್ಕಕ್ಕೆ ಟೈರಿನ ಗಾಳಿ ಹೆಚ್ಚಿಸಿ, ದೀಪವನ್ನು ಗೋಡೆಗೆ ಹಿಡಿದು ತಗ್ಗಿಸಿದ್ದು ಮರುದಿನ. ದೂರ ಹೋಗುವ ಮಕ್ಕಳಿರುವ ಮನೆಯವರು ಇದೊಂದನ್ನು ಅವರಿಗೆ ತಪ್ಪದೆ ಹೇಳಬೇಕು. ಮಳೆಯಲ್ಲಿ ಓಡಿಸಿದ ಮೇಲೆ ಸರಪಳಿಯನ್ನು ಒರೆಸಿ ಎಣ್ಣೆ ಹಾಕುವುದನ್ನೂ ಹೇಳಬಹುದು.

ನವೆಂಬರಿನಲ್ಲಿ ಕಲ್ಯಾಣಕ್ಕೆ ಹೊರಟ ದಿನ ಬೆಳಗಿನ ಜಾವ ಪೂಜೆ ಮುಗಿಸಿ ಅಂಗಳಕ್ಕೆ ಬಂದೆವು. 13 ಲೀಟರಿಗೆ ಮೇಲ್ಪಟ್ಟು ಪೆಟ್ರೋಲು ಹಿಡಿಯುವ ಟಾಕಿಯನ್ನು ಹುಡುಗ ಹಿಂದಿನ ಸಂಜೆಯೇ ತುಂಬಿಸಿದ್ದನು. ತಮ್ಮನು ಜಗುಲಿಯಿಂದ ಇಳಿದನು. ಐದು ವರ್ಷಗಳಲ್ಲಿ ಆ ಗಾಡಿಯ ಹತ್ತಿರಕ್ಕೆ ಅವನು ಬಂದದ್ದು ಅದೇ ಮೊದಲು. ಬಲಗಾಲನ್ನು ಎಳೆಯುತ್ತ ಒಂದು ಪ್ರದಕ್ಷಿಣೆ ಬಂದು, ಎಡದ ಕಂಠಾಳವನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿದನು. ಅದು ಅಲುಗಲಿಲ್ಲ. ಬಲದ್ದನ್ನೂ ಹಿಡಿದು ನೋಡಿದನು. ಆಮೇಲೆ ಮಗನ ಕಡೆ ತಿರುಗಿ, ‘ಇದನ್ನು ನಿನ್ನ ದೊಡ್ಡಪ್ಪ ಕಟ್ಟಿಲ್ಲ ತಾನೆ?’ ಎಂದು ಕೇಳಿದನು.

ಹುಡುಗನಿಗೆ ಏನೂ ಅರ್ಥವಾಗದೆ, ‘ಇಲ್ಲಪ್ಪ, ನಾನೇ’ ಎಂದನು. ತಮ್ಮನು ನಮ್ಮ ಮುಖವನ್ನು ನೋಡಿದನು. 38 ವರ್ಷ ಅವನಿಗೆ ಗೊತ್ತಿತ್ತು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಶಿರಸ್ತ್ರಾಣದ ಪಟ್ಟಿಯನ್ನು ಹಾಕಿಕೊಳ್ಳಲು ಕೈ ನಡುಗಿತು. ಅವನೇ ಹತ್ತಿರ ಬಂದು, ಗದ್ದದ ಕೆಳಗೆ ಅದನ್ನು ಬಿಗಿದು, ಎರಡು ಬೆರಳು ತೂರಿಸಿ ನೋಡಿದನು.

ಸೊರಬ ದಾಟಿ ಆನವಟ್ಟಿಯಲ್ಲಿ ಬೆಳಗಾಯಿತು. ಅಲ್ಲಿ ನಿಲ್ಲಿಸಿ ಕಾಫಿ ಕುಡಿದೆವು. ಹುಡುಗ ಪಾನೆ ಹಿಡಿದು ಬೋಲ್ಟುಗಳನ್ನೆಲ್ಲ ಒಂದು ಸಲ ಮುಟ್ಟಿ ನೋಡಿದನು; ಪಟ್ಟಿಗಳನ್ನು ನಾವು ನೋಡಿದೆವು.