ಕಟ್ಟಿನೊಳಗಿನ ಓರೆ ಅಂಚು

ನಮ್ಮವರ ಅಂಗಡಿ, ಮನೆಗಳಲ್ಲಿ ಕಟ್ಟು ಹಾಕಿಸಿದ ಪಟಗಳಿಗೆ ಕೊರತೆಯಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಬಾಹುಬಲಿ ಸ್ವಾಮಿಯ ಪಟ, ಪಕ್ಕದಲ್ಲಿ ಹಿರಿಯರ ಭಾವಚಿತ್ರ. ಕಟ್ಟು ಹಾಕಿಸುವಾಗ ಎಲ್ಲರೂ ಚೌಕಟ್ಟಿನ ಹೊಳಪನ್ನು ನೋಡುತ್ತಾರೆ. ಚಿತ್ರಕ್ಕೂ ಗಾಜಿಗೂ ನಡುವೆ ಕಿಟಕಿಯಂತೆ ಕೊರೆದು ಇಡುವ ಮೌಂಟ್ ಬೋರ್ಡನ್ನು ವಿಚಾರಿಸುವವರು ಕಡಿಮೆ. ಆ ರಟ್ಟು ಬರೀ ಅಲಂಕಾರವಲ್ಲ. ನಮ್ಮ ಅಜ್ಜಿಯ ಒಂದೇ ಒಂದು ಭಾವಚಿತ್ರಕ್ಕೆ ರಟ್ಟಿಲ್ಲದೆ, ನೇರವಾಗಿ ಗಾಜಿಗೆ ಒತ್ತಿ ಕಟ್ಟು ಹಾಕಿದ್ದರು. ಕೆಲವು ಮಳೆಗಾಲ ಕಳೆದು ಬಿಚ್ಚಿದಾಗ ಮುಖವೇ ಗಾಜಿಗೆ ಅಂಟಿಕೊಂಡು ಬಂತು. ಮತ್ತೊಂದು ಪ್ರತಿ ಎಲ್ಲಿಂದ ತರುವುದು?

ಏಲಕ್ಕಿ ವ್ಯಾಪಾರದ ನಿಮಿತ್ತ ನಾವು ಬೋಡಿನಾಯಕನೂರು, ಮಾರ್ಕಯನ್‌ಕೋಟ್ಟೈ ಕಡೆಗೆ ಹೋಗಿಬರುವುದುಂಟು. ಆ ಕಂಬಂ ಕಣಿವೆಯ ಒಕ್ಕಲಿಗರ, ಕಪ್ಪಿಲಿಯರ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಬರುತ್ತದೆ. ಹತ್ತಿರದ ಉತ್ತಮಪಾಳಯದಲ್ಲಿ, ಕರುಪ್ಪಣ್ಣಸ್ವಾಮಿ ಗುಡಿಯ ಬಳಿಯ ಬಂಡೆಯ ಮೇಲೆ ತೀರ್ಥಂಕರರ ಉಬ್ಬುಶಿಲ್ಪಗಳು ಸಾಲಾಗಿ ಇವೆ. ಸಾವಿರ ವರ್ಷಕ್ಕೂ ಹಿಂದಿನವು. ಜೊತೆಗಿರುವ ವಟ್ಟೆಳುತ್ತು ಲಿಪಿಯ ಶಾಸನಗಳಲ್ಲಿ ಅಜ್ಜಣಂದಿ ಮುನಿಗಳ ಹೆಸರಿದೆ. ಅಲ್ಲಿ ತೆಗೆದ ಪಾರ್ಶ್ವನಾಥರ ಚಿತ್ರಕ್ಕೆ ನಾವೇ ಮನೆಯಲ್ಲಿ ರಟ್ಟು ಕೊರೆದು ಕಟ್ಟು ಹಾಕಿದೆವು. ಆಗ ತಿಳಿದ ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ.

ಕಿಟಕಿಯ ಅಂಚನ್ನು 45 ಡಿಗ್ರಿ ಓರೆಯಾಗಿ ಕೊಯ್ದರೆ ರಟ್ಟಿನ ಒಳಗಿನ ಬಿಳುಪು ಸಣ್ಣ ಪಟ್ಟಿಯಂತೆ ಕಾಣುತ್ತದೆ. ಕಣ್ಣು ತಾನಾಗಿ ಚಿತ್ರದತ್ತ ಇಳಿಯುತ್ತದೆ. ಆ ಪಟ್ಟಿ ಹರಿದಿದ್ದರೆ ಮಾತ್ರ ನೋಟವೆಲ್ಲ ಅಲ್ಲೇ ನಿಲ್ಲುತ್ತದೆ. ನಯವಾದ ಕೊಯ್ತಕ್ಕೆ ಕೈಬಲ ಬೇಕೆಂದು ಹಲವರ ಎಣಿಕೆ. ಬೇಕಾದದ್ದು ಹರಿತವಾದ ಬ್ಲೇಡು, ಮತ್ತು ಅವಸರವಿಲ್ಲದ ಒಂದೇ ಎಳೆತ.

ಕ್ಷೌರದ ತೆಳು ಬ್ಲೇಡು ಬಾಗುತ್ತದೆ. ಕೊಯ್ತದ ಆರಂಭದಲ್ಲೇ ಕೊಕ್ಕೆಯಂತೆ ಸೊಟ್ಟಗಾಗುತ್ತದೆ. ರಟ್ಟು ಕೊರೆಯುವ ಕಟರಿನದೇ ಬ್ಲೇಡು ಬೇಕು. ಮೊಂಡಾದ ಮೊದಲ ಸೂಚನೆಗೇ ಬದಲಿಸಿ. ಬ್ಲೇಡಿನಲ್ಲಿ ಉಳಿಸಿದ ಕಾಸು ರಟ್ಟಿನಲ್ಲಿ ಹೋಗುತ್ತದೆ. ಗೆರೆಗಳನ್ನು ರಟ್ಟಿನ ಹಿಂಬದಿಯಲ್ಲಿ ಎಳೆದು, ಅಲ್ಲಿಂದಲೇ ಕೊಯ್ಯಬೇಕು. ಬ್ಲೇಡಿನ ತುದಿ ರಟ್ಟಿನ ಹೊರ ಅಂಚಿನ ಕಡೆಗೂ ಹಿಡಿ ಕಿಟಕಿಯ ನಡುವಿನ ಕಡೆಗೂ ವಾಲಿರಲಿ. ಕೆಳಗೆ ಗೀರಿಲ್ಲದ ಇನ್ನೊಂದು ರಟ್ಟನ್ನು ಹಾಸಿ. ಹಳೆಯ ಗೀರುಗಳಿದ್ದರೆ ಬ್ಲೇಡು ಅವುಗಳಲ್ಲಿ ಜಾರಿ ದಾರಿ ತಪ್ಪುತ್ತದೆ. ಮೇಲಿನ ರಟ್ಟು ಪೂರ್ತಿ ಕೊಯ್ದು ಹಾಸಿನ ಮೇಲೆ ಗೀರು ಬಿದ್ದರೆ ಸಾಕು.

ಕಷ್ಟವೆಲ್ಲ ಮೂಲೆಯಲ್ಲಿದೆ. ಕೊಯ್ತ ಓರೆಯಾದ್ದರಿಂದ ಹಿಂಬದಿಯಲ್ಲಿ ಗೆರೆಗಳು ಕೂಡುವಲ್ಲೇ ನಿಲ್ಲಿಸಿದರೆ ಮುಂಬದಿಯಲ್ಲಿ ಮೂಲೆ ಬಿಡುವುದಿಲ್ಲ. ಸುಮಾರು ರಟ್ಟಿನ ದಪ್ಪದಷ್ಟು, ಅಂದರೆ ಒಂದೂವರೆ ಮಿಲಿಮೀಟರ್, ಗೆರೆಯ ಆಚೆ ಆರಂಭಿಸಿ ಅಷ್ಟೇ ಆಚೆ ಮುಗಿಸಬೇಕು. ಮೊದಲು ಚೂರು ರಟ್ಟಿನಲ್ಲಿ ಪರೀಕ್ಷಿಸಿ. ನಾಲ್ಕೂ ಬದಿ ಕೊಯ್ದಾಗ ನಡುವಿನ ತುಂಡು ತಾನಾಗಿ ಕಳಚಬೇಕು. ಕಳಚದಿದ್ದರೆ ಎಳೆಯಬೇಡಿ, ಕಾಗದ ಸಿಗಿಯುತ್ತದೆ. ಹೊಸ ಬ್ಲೇಡನ್ನು ಮುಂಬದಿಯಿಂದ ಅದೇ ಓರೆಯಲ್ಲಿ ತೂರಿಸಿ ಮೂಲೆಯನ್ನು ಬಿಡಿಸಿ.

ಮಳೆಗಾಲದಲ್ಲಿ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ, ಬ್ಲೇಡು ನಾರನ್ನು ಎಳೆಯುತ್ತದೆ. ಒಣ ದಿನ ನೋಡಿ ಕೊಯ್ಯುವುದು ಲೇಸು. ಸಣ್ಣ ತರಿ ಉಳಿದರೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಸವರಿ. ಅಂಚು ಕೂರಿಸಲು ಎಲುಬಿನ ಪಟ್ಟಿಯಿಂದ ಉಜ್ಜುವ ರೂಢಿ ಹಲವೆಡೆ ಇದೆ. ಸ್ಟೀಲ್ ಚಮಚದ ಬೆನ್ನಿನಿಂದಲೂ ಆ ಕೆಲಸ ಆಗುತ್ತದೆ. ಚಿತ್ರವನ್ನು ಕೂರಿಸಲು ಚರ್ಮ, ಎಲುಬುಗಳಿಂದ ಮಾಡುವ ಸರೇಸೂ ಬೇಡ. ಮೇಲಂಚಿನಲ್ಲಿ ಎರಡು ಕಡೆ ತೆಳು ಕಾಗದದ ಪಟ್ಟಿ, ಗೋಧಿ ಗಂಜಿಯ ಅಂಟು, ಅಷ್ಟೇ ಸಾಕು. ಮುಂದೆ ಬಿಡಿಸಬೇಕಾದರೂ ಚಿತ್ರಕ್ಕೆ ಹಾನಿಯಿಲ್ಲ.

ಅಗ್ಗದ ರಟ್ಟಿನ ಆಮ್ಲದಿಂದ ಬಿಳಿ ಅಂಚು ಕಂದುಗಟ್ಟುತ್ತದೆ, ಚಿತ್ರಕ್ಕೂ ಕಲೆ ಹತ್ತುತ್ತದೆ. ಆಮ್ಲರಹಿತ ರಟ್ಟನ್ನೇ ಕೇಳಿ ತನ್ನಿ. ದೀಪಾವಳಿಗೆ ಮನೆ ಗುಡಿಸುವಾಗ ಹಿರಿಯರ ಪಟಗಳನ್ನು ಒಮ್ಮೆ ಇಳಿಸಿ, ಚಿತ್ರ ಗಾಜಿಗೆ ತಾಗುತ್ತಿದೆಯೇ ಎಂದು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ತಾಗುತ್ತಿದ್ದರೆ ಮುಂದಿನ ಮಳೆಗಾಲಕ್ಕೆ ಕಾಯಬೇಡಿ.