ಬೊಲೋನಿಯಾದ ಕಡಲ ದಂಡೆಯಲ್ಲಿ

ಸ್ಪೇನ್ ದೇಶದ ದಕ್ಷಿಣದ ತುದಿಯಲ್ಲಿ, ಕಾದಿಸ್ ಪ್ರಾಂತ್ಯದ ತರೀಫಾ ಪಟ್ಟಣಕ್ಕೆ ವಾಯವ್ಯದಲ್ಲಿ, ಬೊಲೋನಿಯಾ ಎಂಬ ಸಣ್ಣ ಹಳ್ಳಿಯಿದೆ. ಹೆದ್ದಾರಿಯನ್ನು ಬಿಟ್ಟು ಗುಡ್ಡವನ್ನೇರಿ ಇಳಿಯುವಾಗ ಅಟ್ಲಾಂಟಿಕ್ ಸಾಗರವು ಕಣ್ಣೆದುರು ತೆರೆದುಕೊಳ್ಳುತ್ತದೆ. ಸುಮಾರು ನಾಲ್ಕು ಕಿಲೋಮೀಟರು ಉದ್ದದ ಬಿಳಿಮರಳಿನ ದಂಡೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜನ ನೆರೆಯುತ್ತಾರೆ; ಉಳಿದ ಕಾಲದಲ್ಲಿ ನೀರವ. ಆ ಸೀಮೆಯ ಕೆಂಗಂದು ಬಣ್ಣದ ಹಸುಗಳು ಮೇವಿನ ನೆಲದಿಂದಿಳಿದು ಬಂದು, ಮರಳಿನ ಮೇಲೆ ಮಲಗಿ ಮೆಲುಕು ಹಾಕುವುದುಂಟು. ಆಕಾಶ ತಿಳಿಯಾಗಿದ್ದರೆ ನೀರಿನಾಚೆ ಮೊರಾಕೊ ದೇಶದ ಬೆಟ್ಟಗಳು ನೀಲಿಯಾಗಿ ತೋರುತ್ತವೆ.

ಇಲ್ಲಿಯ ಒಡೆಯನೆಂದರೆ ಗಾಳಿ. ಮೂಡಲಿನಿಂದ ಬೀಸುವ ಗಾಳಿಗೆ ‘ಲೆವಾಂತೆ’ ಎಂದು ಹೆಸರು. ದಂಡೆಯ ಪಶ್ಚಿಮದ ತುದಿಯಲ್ಲಿ ಅದು ಮೂವತ್ತು ಮೀಟರಿಗೂ ಎತ್ತರದ ಮರಳುಗುಡ್ಡವನ್ನು ಕಟ್ಟಿದೆ, ಕಟ್ಟುತ್ತಲೂ ಇದೆ. ಗುಡ್ಡವು ಮೆಲ್ಲನೆ ಸರಿಯುತ್ತ ಹಿಂದಿನ ಪೈನ್ ತೋಪನ್ನು ನುಂಗುತ್ತಿದೆ. ಅರ್ಧ ಹೂತ ಮರಗಳ ತಲೆಗಳಷ್ಟೇ ಹೊರಗೆ ಕಾಣುತ್ತವೆ. 2001ರಲ್ಲಿ ಇದನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಲಾಯಿತು. ನಡೆಯುವ ಸ್ಮಾರಕವೆಂಬುದು ವಿಚಿತ್ರವಾದರೂ ಮಾತು ಸರಿಯಾಗಿದೆ.

ದಂಡೆಗೆ ಹೊಂದಿಕೊಂಡೇ ಬೈಲೋ ಕ್ಲೌದಿಯಾ ಎಂಬ ರೋಮನ್ ನಗರದ ಅವಶೇಷಗಳಿವೆ. ಕ್ರಿ.ಪೂ. 2ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಊರು. ಕ್ಲಾಡಿಯಸ್ ಚಕ್ರವರ್ತಿಯ ಹೆಸರು ಅದಕ್ಕೆ ಸೇರಿಕೊಂಡಿತು. 1917ರಲ್ಲಿ ಫ್ರಾನ್ಸಿನ ವಿದ್ವಾಂಸ ಪಿಯೇರ್ ಪಾರಿಸ್ ಉತ್ಖನನ ಕೈಗೊಂಡರು. ಕಲ್ಲು ಹಾಸಿದ ಸಭಾಚೌಕ, ಜ್ಯೂಪಿಟರ್, ಜೂನೋ, ಮಿನರ್ವಾ ದೇವತೆಗಳಿಗೆ ಸಾಲಾಗಿ ಕಟ್ಟಿದ ಮೂರು ಗುಡಿಗಳು, ರಂಗಮಂದಿರ, ನೀರು ತರುತ್ತಿದ್ದ ಮೂರು ನಾಲೆಗಳು ಎಲ್ಲವೂ ಬೆಳಕಿಗೆ ಬಂದವು.

ಪ್ರವಾಸಿಗರು ಕಂಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಈ ಊರಿನ ಜೀವವಿದ್ದುದು ಅಲ್ಲಲ್ಲ, ಅದಕ್ಕೂ ಕೆಳಗೆ, ಅಲೆಗಳ ಸದ್ದು ಕೇಳುವಲ್ಲಿರುವ ತೊಟ್ಟಿಗಳಲ್ಲಿ. ಚೌಕಾಕಾರದವು, ದುಂಡನೆಯವು, ಒಳಗೆ ಸುಣ್ಣಕ್ಕೆ ಇಟ್ಟಿಗೆಯ ಚೂರು ಬೆರೆಸಿದ ಗಾರೆ. ನಮ್ಮ ಹಳೆಯ ಮನೆಗಳ ಗಾರೆಯನ್ನು ಬಲ್ಲವರಿಗೆ ಅದರ ಗುರುತು ಹತ್ತದಿರದು. ಇಲ್ಲಿ ಟ್ಯೂನಾ ಮೀನನ್ನು ಕತ್ತರಿಸಿ ಉಪ್ಪಿನೊಡನೆ ಪದರಪದರವಾಗಿ ಒಟ್ಟುತ್ತಿದ್ದರು. ಉಳಿದ ಕರುಳು, ರಕ್ತಗಳನ್ನು ಉಪ್ಪು ಹಾಕಿ ಬಿಸಿಲಿಗಿಟ್ಟರೆ ‘ಗಾರುಮ್’ ಎಂಬ ರಸ ಸಿದ್ಧ. ಮಣ್ಣಿನ ಹೂಜಿಗಳಲ್ಲಿ ತುಂಬಿ ಹಡಗುಗಳಲ್ಲಿ ದೂರದ ನಾಡುಗಳಿಗೆ ಅದನ್ನು ಕಳಿಸುತ್ತಿದ್ದರು. ನಮ್ಮಂಥ ಸಸ್ಯಾಹಾರಿಗಳ ಮನಸ್ಸು ಇದನ್ನು ಕೇಳಿ ಹಿಂದೆಗೆಯುವುದು ಸಹಜ. ಆದರೂ ಆ ತೊಟ್ಟಿಗಳಿಗೆ ಬೆನ್ನುಹಾಕಿ ಗುಡಿಯನ್ನಷ್ಟೇ ನೋಡಿ ಬರುವುದು ಕಾಯಕವನ್ನು ನಂಬಿದವರಿಗೆ ಒಪ್ಪುವ ನೋಟವಲ್ಲ. ಅಮೃತಶಿಲೆಗೆ ಹಣ ಬಂದದ್ದು ಆ ನಾರುವ ಕೈಗಳಿಂದ. ಆ ಕೈಗಳ ಒಡೆಯರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ.

ಪಕ್ಕದಲ್ಲಿಯೇ ಈಜಿಪ್ಟಿನ ದೇವತೆ ಐಸಿಸಳ ಗುಡಿಯೂ ಇದೆ. ಅಲ್ಲಿ ದೊರೆತ ಸೀಸದ ತಗಡೊಂದರಲ್ಲಿ ಯಾರೋ ದೇವಿಗೆ ದೂರು ಬರೆದಿದ್ದಾರೆ: ತಮ್ಮ ಹೊಸ ಬಿಳಿಯ ಹೊದಿಕೆ, ಹಾಸು, ಬಳಸಿದ ಎರಡು ಕಂಬಳಿಗಳು ಕಳುವಾಗಿವೆ, ಕಳ್ಳನನ್ನು ಶಿಕ್ಷಿಸು ಎಂದು. ಚಕ್ರವರ್ತಿ ಟ್ರೇಜನನ ಎತ್ತರದ ಪ್ರತಿಮೆಗಿಂತ (ಅಲ್ಲಿರುವುದು ನಕಲು, ಮೂಲವು ಕಾದಿಸ್ ವಸ್ತುಸಂಗ್ರಹಾಲಯದಲ್ಲಿದೆ) ಆ ಎರಡು ಕಂಬಳಿಗಳೇ ಹೆಚ್ಚು ಹತ್ತಿರವೆನಿಸುತ್ತವೆ.

1ನೆಯ ಹಾಗೂ 3ನೆಯ ಶತಮಾನಗಳಲ್ಲಿ ಭೂಕಂಪಗಳಾದವು. ಸಭಾಚೌಕದ ಹಾಸುಗಲ್ಲುಗಳು ಈಗಲೂ ಏರುತಗ್ಗಾಗಿವೆ. ವ್ಯಾಪಾರ ಕುಗ್ಗಿತು, ಜನ ಚದುರಿದರು, 7ನೆಯ ಶತಮಾನದ ಹೊತ್ತಿಗೆ ಊರು ಬರಿದಾಯಿತು. ಮರಳು ಬಂತು.

ಮೀನುಗಾರಿಕೆ ಮಾತ್ರ ನಿಂತಿಲ್ಲ. ವಸಂತದಲ್ಲಿ ಟ್ಯೂನಾಗಳು ಮೊಟ್ಟೆಯಿಡಲು ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್ ಕಡೆಗೆ ಇದೇ ಜಲಸಂಧಿಯ ಮೂಲಕ ಹೋಗುತ್ತವೆ. ನೆರೆಯ ಸಹಾರಾ, ಬಾರ್ಬಾತೆ ಊರುಗಳ ಮೀನುಗಾರರು ‘ಅಲ್ಮದ್ರಾಬಾ’ ಎಂಬ ಬಲೆಗಳ ಚಕ್ರವ್ಯೂಹವನ್ನು ಇಂದಿಗೂ ಕಡಲಲ್ಲಿ ಕಟ್ಟುತ್ತಾರೆ. ಮಿತಿಮೀರಿ ಹಿಡಿದುದರಿಂದ ಈ ಮೀನಿನ ಸಂತತಿಗೇ ಕುತ್ತು ಬಂದಿತ್ತು. ಹಿಡಿಯುವ ಪ್ರಮಾಣಕ್ಕೆ ಕಟ್ಟುನಿಟ್ಟು ಮಾಡಿದ ಮೇಲೆ ಅದು ಚೇತರಿಸಿಕೊಂಡು, 2021ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ಲೆವಾಂತೆ ಜೋರಾಗಿ ಬೀಸಿದ ದಿನ ಅವರ ದೋಣಿಗಳು ಕಡಲಿಗಿಳಿಯುವುದಿಲ್ಲ.